ಸಾಕು ಎಂಬ ಮಾತು

ಕನ್ನಡದಲ್ಲಿ ‘ಸಾಕು’ ಎಂಬ ಎರಡಕ್ಷರದ ಮಾತಿಗೆ ಎರಡು ಅರ್ಥ. ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎನ್ನುತ್ತೇವೆ. ಹಸುವನ್ನೋ ನಾಯಿಯನ್ನೋ ದಿಕ್ಕಿಲ್ಲದ ಮಗುವನ್ನೋ ‘ಸಾಕು’ತ್ತೇವೆ. ನಿಘಂಟು ಬರೆಯುವವರು ಇವೆರಡನ್ನೂ ಬೇರೆಬೇರೆ ಶಬ್ದಗಳೆಂದೇ ಎಣಿಸಲಿ, ನನ್ನ ತಕರಾರಿಲ್ಲ. ಆದರೆ ನಮ್ಮ ಮನೆಗೆ ಹ್ಯಾಮ್‌ಸ್ಟರ್ ಒಂದು ಬಂದ ಮೇಲೆ, ಈ ಎರಡಕ್ಕೂ ಒಳಗೊಳಗೇ ಏನೋ ನಂಟಿರಬೇಕೆಂದು ನನಗೆ ತೋರತೊಡಗಿದೆ.

ಹ್ಯಾಮ್‌ಸ್ಟರ್ ಎಂದರೆ ಇಲಿಯ ದೂರದ ನೆಂಟ. ಮೊಟಕು ಬಾಲ, ದುಂಡು ಮೈ, ಹೊಂಬಣ್ಣದ ತುಪ್ಪಳ. ಕೆನ್ನೆಯೊಳಗೆ ಎರಡು ಚೀಲಗಳು. ಕಾಳು ಸಿಕ್ಕಿದರೆ ತಿನ್ನುವುದಕ್ಕೆ ಮೊದಲು ಆ ಚೀಲಗಳಲ್ಲಿ ತುಂಬಿಕೊಂಡು ಹೋಗಿ ಹಾಸಿನಡಿಯಲ್ಲಿ ಬಚ್ಚಿಡುತ್ತದೆ. ಜರ್ಮನ್ ಭಾಷೆಯಲ್ಲಂತೂ ಇದರ ಹೆಸರಿನಿಂದಲೇ ‘ಕೂಡಿಹಾಕು’ ಎಂಬ ಕ್ರಿಯಾಪದ ಹುಟ್ಟಿಕೊಂಡಿದೆ. ಎಲೆಯ ಮುಂದೆ ಹೇಳುವ ‘ಸಾಕು’ ಈ ಪ್ರಾಣಿಗೆ ಗೊತ್ತೇ ಇಲ್ಲವೆನ್ನಬೇಕು.

ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ನನ್ನ ಮಗ ಇದನ್ನು ಅಂಗಡಿಯಿಂದ ತಂದ, ಅಂಗಡಿಯವರೇ ಕೊಟ್ಟ ಪುಟ್ಟ ಕಂಬಿಗೂಡಿನ ಸಮೇತ. ಹುಡುಗಿ ಅದಕ್ಕೆ ‘ಗುಂಡ’ನೆಂದು ಹೆಸರಿಟ್ಟಳು. ನನ್ನ ಹೆಂಡತಿ, “ವಾಹನ ಬಂದಾಯಿತು, ಇನ್ನು ಗಣಪತಿ ಬರುವುದೊಂದೇ ಬಾಕಿ” ಎಂದಳು. ಆಕೆಯ ಮಾತಿನಲ್ಲಿ ಮೊನೆಯಿತ್ತು. ಏಕೆಂದರೆ ಅದೇ ದಿನ ಉಗ್ರಾಣದಲ್ಲಿ ಅಕ್ಕಿಯ ಡಬ್ಬದ ಪಕ್ಕ ಕೊಬ್ಬರಿ ಚೂರು ಸಿಕ್ಕಿಸಿದ ಇಲಿಬೋನೂ ಇತ್ತು. ಒಂದೇ ಸೂರಿನಡಿ ಎರಡು ಕಂಬಿಗೂಡು, ಎರಡರೊಳಗೂ ತಿಂಡಿ. ಒಂದು ಬದುಕಿಸುವುದಕ್ಕೆ, ಒಂದು ಕೊಲ್ಲುವುದಕ್ಕೆ. ಮೊಮ್ಮಗಳು ಇದನ್ನು ಗಮನಿಸದೆ ಬಿಡಲಿಲ್ಲ. “ತಾತ, ಬೋನಿನ ಇಲಿಗೂ ಒಂದು ಹೆಸರಿಟ್ಟುಬಿಟ್ಟರೆ ಅದನ್ನೂ ಸಾಯಿಸಲ್ಲ ಅಲ್ವಾ?” ಎಂದು ಕೇಳಿದಳು.

ಮಕ್ಕಳ ಪ್ರಶ್ನೆಗೆ ಥಟ್ಟನೆ ಹೊಳೆಯುವ ಉತ್ತರವನ್ನು ಕೊಟ್ಟು ಪಾರಾಗಬಹುದು. ಇಲಿ ಕಾಳು ತಿನ್ನುತ್ತದೆ, ರೋಗ ತರುತ್ತದೆ ಎನ್ನಬಹುದು. ಸುಳ್ಳಲ್ಲ, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನ ನೆನಪು ಇಂದಿಗೂ ಪ್ಲೇಗಿನ ಮಾರಮ್ಮನ ಗುಡಿಗಳಲ್ಲಿ ಉಳಿದಿದೆ. ಆದರೆ ಹೆಸರಿಟ್ಟು ಸಾಕಿದ ಪ್ರಾಣಿ ರೋಗ ತಂದರೆ? 2022ರ ಜನವರಿಯಲ್ಲಿ ಹಾಂಗ್‌ಕಾಂಗಿನ ಒಂದು ಅಂಗಡಿಯ ಹ್ಯಾಮ್‌ಸ್ಟರ್‌ಗಳಲ್ಲಿ ಕೋವಿಡ್ ಸೋಂಕು ಕಂಡಿತು. ಸುಮಾರು 2000 ಸಣ್ಣ ಪ್ರಾಣಿಗಳನ್ನು ಕೊಲ್ಲುವುದೆಂದು ಸರಕಾರ ನಿಶ್ಚಯಿಸಿತು. ಹೊಸದಾಗಿ ಕೊಂಡವರು ಮನೆಯಲ್ಲಿರುವುದನ್ನೂ ತಂದೊಪ್ಪಿಸಬೇಕೆಂದಿತು. ಒಪ್ಪಿಸಿದವರಿದ್ದರು, ಅನ್ಯರು ತೊರೆದವನ್ನು ಎತ್ತಿಕೊಳ್ಳಲು ಮುಂದೆ ಬಂದವರೂ ಇದ್ದರು. ಅಂತೂ ನಿನ್ನೆಯ ಮುದ್ದು ಇಂದಿನ ಬೋನಿನ ಇಲಿಯಾಗುವುದಕ್ಕೆ ಒಂದು ದಿನ ಸಾಕಾಯಿತು. ಹೆಸರೆಂಬ ಕವಚ ಅಷ್ಟೇನೂ ಗಟ್ಟಿಯಲ್ಲ.

ಹಾಗಾದರೆ ಪ್ರೀತಿಯೇ ವ್ಯತ್ಯಾಸವೆ? ನಾವು ಅದನ್ನು ಪ್ರೀತಿಸುತ್ತೇವೆ, ಅದು ನಮ್ಮನ್ನು ಪ್ರೀತಿಸುತ್ತದೆ ಎಂದರೆ ನಾಯಿಯ ವಿಷಯದಲ್ಲಿ ಒಪ್ಪಬಹುದು. ಗುಂಡನ ಜಾತಿಯದು ಒಂಟಿ ಬಾಳು. ಬಿಲಕ್ಕೊಂದೇ ಪ್ರಾಣಿ; ಬೆಳೆದ ಎರಡನ್ನು ಒಟ್ಟಿಗೆ ಕೂಡಿದರೆ ಕಚ್ಚಾಡುತ್ತವೆ. ನಾವು ಎದ್ದಿರುವಾಗ ಅದು ನಿದ್ರಿಸುತ್ತದೆ. ನಾವು ಮಲಗಿದ ಮೇಲೆ ಅದರ ಸಂಸಾರ ಆರಂಭ. ನಮ್ಮ ಕೈಯ ವಾಸನೆ ಅಭ್ಯಾಸವಾದೀತು, ಅಷ್ಟೆ. ಸ್ವಜಾತಿಯ ಸಂಗವನ್ನೇ ಬಯಸದ ಜೀವ ನಮ್ಮನ್ನು ಹಂಬಲಿಸುತ್ತದೆಂದುಕೊಳ್ಳುವುದು ನಮ್ಮ ಆಸೆಯೇ ಹೊರತು ಅದರ ಸ್ವಭಾವವಲ್ಲ.

‘ಹಾಗಿದ್ದರೆ ಬಿಟ್ಟುಬಿಡಿ, ಪುಣ್ಯ ಬರುತ್ತದೆ’ ಎನ್ನುವ ಸ್ನೇಹಿತರಿದ್ದಾರೆ. ಎಲ್ಲಿಗೆ ಬಿಡೋಣ? ಇದರ ತವರು ಸಿರಿಯಾ ದೇಶದ ಗೋಧಿ ಹೊಲ. 1930ರಲ್ಲಿ ಜೆರುಸಲೇಮಿನ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅಲೆಪ್ಪೊ ನಗರದ ಬಳಿ ಒಂದು ಬಿಲವನ್ನು ಅಗೆಸಿ, ತಾಯಿಯೊಂದನ್ನೂ ಅದರ 11 ಮರಿಗಳನ್ನೂ ಹಿಡಿದು ತಂದರು. ಹಿಡಿಸಿದ ಉದ್ದೇಶ ಮುದ್ದಿಗಲ್ಲ. ಕಾಲಾ ಅಜಾರ್ ಮೊದಲಾದ ರೋಗಗಳ ಸಂಶೋಧನೆಗೆ ಪ್ರಯೋಗದ ಪ್ರಾಣಿ ಬೇಕಾಗಿತ್ತು. ನಮ್ಮ ಬಿಹಾರ, ಬಂಗಾಳ, ಅಸ್ಸಾಮುಗಳಲ್ಲಿ ಅಸಂಖ್ಯ ಜನರನ್ನು ಬಲಿ ತೆಗೆದುಕೊಂಡ ರೋಗ ಅದು. ಪೆಟ್ಟಿಗೆಯಲ್ಲಿ ತಾಯಿ ಒಂದು ಮರಿಯನ್ನು ಕಚ್ಚಿ ಕೊಂದಿತು. ತಾಯಿಯನ್ನು ಮನುಷ್ಯರು ಕೊಂದರು. ಮತ್ತೆ ಕೆಲವು ತಪ್ಪಿಸಿಕೊಂಡು, ಕೆಲವು ಸತ್ತು, ಉಳಿದ ಮೂರು ನಾಲ್ಕು ಒಡಹುಟ್ಟುಗಳ ಸಂತತಿಯೇ ಇಂದು ಲೋಕದ ಮನೆಮನೆಗಳಲ್ಲಿರುವ ಹೊಂಬಣ್ಣದ ಹ್ಯಾಮ್‌ಸ್ಟರ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ. ತವರಿನಲ್ಲಿ ಉಳಿದ ಕಾಡುಕುಲವಾದರೋ ಅಳಿವಿನಂಚಿನ ಪಟ್ಟಿ ಸೇರಿದೆ. ಗುಂಡನನ್ನು ನಮ್ಮ ಹಿತ್ತಿಲಿಗೆ ಬಿಟ್ಟರೆ ಬೆಳಗಾಗುವುದರೊಳಗೆ ಬೆಕ್ಕಿಗೋ ಗೂಬೆಗೋ ಊಟ. ಅದು ಬಿಡುಗಡೆಯಲ್ಲ, ಕೈ ತೊಳೆದುಕೊಳ್ಳುವ ಉಪಾಯ.

ಇಷ್ಟನ್ನೆಲ್ಲ ಯೋಚಿಸಿದ ಮೇಲೆ ನಾನು ಮೊಮ್ಮಗಳಿಗೆ ಹೇಳಿದ ಉತ್ತರ ಇಷ್ಟೆ: “ಉಗ್ರಾಣದ ಇಲಿ ತಾನಾಗಿ ಬಂತು, ಮಗು. ಗುಂಡನನ್ನು ನಾವು ತಂದೆವು.” ತಾನಾಗಿ ಬಂದ ಇಲಿಗೆ ಬೇರೆ ದಾರಿಗಳಿವೆ; ಅದರ ವಿಷಯದಲ್ಲಿ ನಮ್ಮ ಮೇಲಿರುವುದು ಕ್ರೌರ್ಯವಿಲ್ಲದೆ ನಡೆದುಕೊಳ್ಳುವ ಹೊಣೆ. ಬೋನಿಡುವ ಮೊದಲು ಕಿಂಡಿ ಮುಚ್ಚಿ, ಕಾಳನ್ನು ಭದ್ರಮಾಡುವುದು ಆ ಹೊಣೆಗೆ ಸೇರಿದ್ದು. ಗುಂಡನಿಗೆ ಬೇರೆ ದಾರಿಯನ್ನು ನಾವೇ ಇಟ್ಟಿಲ್ಲ. ಬಾಗಿಲು ಹಾಕಿದವನು ಒಳಗಿನ ಜೀವಕ್ಕೆ ಲೋಕವನ್ನೇ ಒದಗಿಸಬೇಕಾಗುತ್ತದೆ. ಈ ಋಣ ಪ್ರೀತಿಯಿಂದ ಹುಟ್ಟಿದ್ದಲ್ಲ, ಚಿಲಕದಿಂದ ಹುಟ್ಟಿದ್ದು. ಪ್ರೀತಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಋಣ ತೀರದು.

ಆದರೆ ಎಷ್ಟು ಕೊಟ್ಟರೆ ಸಾಕು? ಎಲೆಯ ಮುಂದೆ ಕುಳಿತ ಅತಿಥಿ ತನ್ನ ‘ಸಾಕು’ ತಾನೇ ಹೇಳುತ್ತಾನೆ. ಬಾಯಿಲ್ಲದ ಜೀವದ ಮಾತನ್ನು ನಾವು ನೋಡಿ ತಿಳಿಯಬೇಕು. 2006ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಒಂದು ಅಧ್ಯಯನದಲ್ಲಿ ಹ್ಯಾಮ್‌ಸ್ಟರ್‌ಗಳಿಗೆ 10, 40 ಮತ್ತು 80 ಸೆಂಟಿಮೀಟರ್ ಆಳದ ಹಾಸು ಕೊಟ್ಟು ನೋಡಿದರು. ಹಾಸು ತೆಳುವಾಗಿದ್ದ ಗೂಡಿನವು ಹೆಚ್ಚಾಗಿ ಕಂಬಿ ಕಡಿಯುತ್ತಿದ್ದವು. ಆಳವಿದ್ದಲ್ಲಿ ಬಿಲ ತೋಡಿಕೊಂಡವು. ಕಂಬಿ ಕಡಿಯುವ ಸದ್ದೇ ಅದರ ‘ಸಾಲದು’. ಇದನ್ನು ಓದಿದ ಮೇಲೆ, ಹಿಂದೆ ಮೀನು ಸಾಕಿದ್ದ ದೊಡ್ಡ ಗಾಜಿನ ತೊಟ್ಟಿಯನ್ನು ಅಟ್ಟದಿಂದ ಇಳಿಸಿ, ಮೊಳದುದ್ದ ಆಳಕ್ಕೆ ಕಾಗದದ ಚೂರೂ ಒಣಹುಲ್ಲೂ ತುಂಬಿದೆವು. ಗುಂಡ ಒಂದೇ ರಾತ್ರಿಯಲ್ಲಿ ಸುರಂಗ ಕೊರೆದು ಕಣ್ಮರೆಯಾದ.

ಹುಡುಗಿಯ ಮುಖ ಬಾಡಿತು. “ಈಗ ಅವನು ಕಾಣಿಸೋದೇ ಇಲ್ಲ, ತಾತ.” ಅದು ನಿಜವೇ. ಅದಕ್ಕೆ ಸುಖವಾದಷ್ಟೂ ನಮಗೆ ನೋಟ ಕಡಿಮೆ. ಮಗನ ಮನೆಯಲ್ಲಿ ಸಾಕಿಸಿಕೊಳ್ಳುತ್ತಿರುವ ಮುದುಕ ನಾನು; ಈ ಲೆಕ್ಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮನ್ನು ನೋಡಿಕೊಳ್ಳುವವರು ತಮಗೆ ಕೊಡಲು ಇಷ್ಟವಾದುದನ್ನು ಕೊಡುತ್ತಾರೆ. ನಮಗೆ ಬೇಕಾಗಿರುವುದು ಕೆಲವೊಮ್ಮೆ ಒಂದು ಗಳಿಗೆ ಬಾಗಿಲು ಮುಂದೆ ಮಾಡಿಕೊಂಡು ಕೂರುವುದು ಮಾತ್ರ. ಅದನ್ನು ಕೊಡುವುದಕ್ಕೆ ಪ್ರೀತಿಗಿಂತ ಹೆಚ್ಚಿನದೊಂದು ಗುಣ ಬೇಕು.

ಹ್ಯಾಮ್‌ಸ್ಟರಿನ ಆಯುಷ್ಯ ಎರಡು ಮೂರು ವರ್ಷ. ಹುಡುಗಿಗೆ ಅದೂ ಗೊತ್ತಾಗಿದೆ. “ಗುಂಡ ಹೋದಮೇಲೆ ಇನ್ನೊಂದು ತರೋಣವಾ?” ಎಂದು ಮೊನ್ನೆ ಕೇಳಿದಳು. ಇದ್ದುದನ್ನು ಕೊನೆಯವರೆಗೆ ಸಾಕುವುದು ಧರ್ಮ. ಇನ್ನೊಂದರ ಮೇಲೆ ಬಾಗಿಲು ಹಾಕಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ನಾನು ಬೇಡವೆನ್ನಲಿಲ್ಲ. ಗುಂಡನಿಗೆ ಏನೇನು ಬೇಕಾಯಿತೆಂದು ಅವಳಿಗೆ ಈಗ ತಿಳಿದಿದೆ. ಯಾವ ‘ಸಾಕು’ ಹೇಳಬೇಕೆಂಬುದನ್ನು ಆ ದಿನ ಅವಳೇ ನಿಶ್ಚಯಿಸಲಿ.