ನೋಡದೆ ನೀಡಿದ ಅನುಮೋದನೆ

ಕರ್ಮಾಸ್ರವದ ವಿಚಾರವನ್ನು ವಿವರಿಸುವಾಗ ಜೈನಾಚಾರ್ಯರು ಕೃತ, ಕಾರಿತ, ಅನುಮತ ಎಂಬ ಮೂರು ಬಗೆಗಳನ್ನು ಹೇಳಿದ್ದಾರೆ. ತಾನೇ ಮಾಡಿದ್ದು ಕೃತ. ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ. ಇನ್ನೊಬ್ಬರು ಮಾಡಿದ್ದನ್ನು ಒಪ್ಪಿ ಮೆಚ್ಚಿದ್ದು ಅನುಮತ. ಸಂರಂಭಾದಿ ಮೂರು, ಮನೋವಚನಕಾಯಗಳೆಂಬ ಮೂರು, ಕೃತಾದಿ ಮೂರು, ಕ್ರೋಧಾದಿ ಕಷಾಯಗಳು ನಾಲ್ಕು, ಇವನ್ನು ಗುಣಿಸಿದರೆ 108 ಭೇದಗಳಾಗುತ್ತವೆ. ಈ ಲೆಕ್ಕದಲ್ಲಿ ಅನುಮೋದನೆಯನ್ನು ಬಿಟ್ಟುಬಿಡುವಂತಿಲ್ಲ. ಕೈಯಿಂದ ಏನೂ ಮಾಡದೆ, ಕೇವಲ ‘ಒಳ್ಳೆಯದು’ ಎಂದವನೂ ಆ ಕಾರ್ಯದ ಫಲದಲ್ಲಿ ಪಾಲುಗಾರನೇ ಆಗುತ್ತಾನೆ.

ಹಾಗಾದರೆ, ಆ ‘ಒಳ್ಳೆಯದು’ ಎಂಬ ಮಾತನ್ನೇ ಯಂತ್ರದಿಂದ ಹೇಳಿಸಿದರೆ? ಒಪ್ಪಿಗೆ ಕೊಟ್ಟವನು ಒಪ್ಪಿದ ವಸ್ತುವನ್ನು ಕಣ್ಣೆತ್ತಿಯೂ ನೋಡದಿದ್ದರೆ? ಇದು ಇಂದಿನ ಕಾಲವು ಶ್ರಾವಕಾಚಾರದ ಮುಂದೆ ಇಟ್ಟಿರುವ ಹೊಸ ಪ್ರಶ್ನೆ.

2016ರಲ್ಲಿ ಅಮೆರಿಕದ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಎಂಬಿಬ್ಬರು ಸ್ಟೀಮಿಟ್ ಎಂಬ ಸಾಮಾಜಿಕ ಜಾಲತಾಣವನ್ನು ಆರಂಭಿಸಿದರು. ಅದರ ಆಧಾರ ಸ್ಟೀಮ್ ಎಂಬ ಬ್ಲಾಕ್‌ಚೈನ್. ವ್ಯಾಪಾರಿಗಳ ಭಾಷೆಯಲ್ಲಿ ಹೇಳುವುದಾದರೆ, ಎಲ್ಲರಿಗೂ ಕಾಣುವ, ಹಿಂದಿನ ಪುಟವನ್ನು ಯಾರೂ ಗುಟ್ಟಾಗಿ ತಿದ್ದಲಾರದ ಒಂದು ಕಿರ್ದಿ ಪುಸ್ತಕ. ಅಲ್ಲಿ ಲೇಖನ ಬರೆದವರಿಗೆ ಓದುಗರ ಮತಗಳ ಆಧಾರದ ಮೇಲೆ ಸ್ಟೀಮ್ ಎಂಬ ನಾಣ್ಯರೂಪದ ಸಂಭಾವನೆ ದೊರೆಯುತ್ತಿತ್ತು. ಮತ ಹಾಕಿದವರಿಗೂ ಅದರಲ್ಲಿ ಪಾಲು: ಮೊದಲು ಶೇಕಡಾ 25, 2019ರ ಆಗಸ್ಟ್‌ನಿಂದ ಶೇಕಡಾ 50. ಒಳ್ಳೆಯ ಬರಹವನ್ನು ಹುಡುಕಿ ಗುರುತಿಸುವುದೂ ಒಂದು ಶ್ರಮ, ಅದಕ್ಕೂ ಪ್ರತಿಫಲವಿರಲಿ ಎಂಬುದು ಸ್ಥಾಪಕರ ಆಶಯ. ಆಶಯದಲ್ಲಿ ದೋಷವಿರಲಿಲ್ಲ.

ಆದರೆ ಮತದ ಬಲವು ಮತದಾರನ ಬಳಿ ಜಮೆಯಿದ್ದ ನಾಣ್ಯಗಳ ಪ್ರಮಾಣವನ್ನು ಅನುಸರಿಸುತ್ತಿತ್ತು. ಪೂರ್ಣ ಬಲದ ಒಂದು ಮತಕ್ಕೆ ಶಕ್ತಿಯಲ್ಲಿ ಶೇಕಡಾ 2ರಷ್ಟು ಖರ್ಚಾಗಿ, ದಿನಕ್ಕೆ ಶೇಕಡಾ 20ರಷ್ಟು ಮರಳಿ ತುಂಬುತ್ತಿತ್ತು. ಅಂದರೆ ದಿನಕ್ಕೆ ಸುಮಾರು ಹತ್ತು ಮತಗಳು. ಉಪಯೋಗಿಸದೆ ಬಿಟ್ಟರೆ ಶಕ್ತಿಯು ನೂರಕ್ಕೆ ನಿಂತು, ಅದರಾಚೆಗಿನದು ನಷ್ಟವಾಗುತ್ತಿತ್ತು. ಇದಲ್ಲದೆ, ಹೆಚ್ಚು ಮತ ಬೀಳಲಿರುವ ಲೇಖನವನ್ನು ಇತರರಿಗಿಂತ ಮೊದಲೇ ಗುರುತಿಸಿದವನಿಗೆ ಲಾಭ ಅಧಿಕ. ತೀರ ಅವಸರದ ಮತಕ್ಕೆ ಕಡಿತವೂ ಇತ್ತು. ಆ ಕಡಿತದ ಅವಧಿ ಮೊದಲು 30 ನಿಮಿಷ, 2018ರಲ್ಲಿ 15, 2019ರಲ್ಲಿ 5 ನಿಮಿಷಗಳಾಯಿತು. ಇಂತಹ ನಿಮಿಷಗಳ ಲೆಕ್ಕವನ್ನು ಹಗಲಿರುಳು ಕಾಯುವುದು ಮನುಷ್ಯನಿಂದ ಸಾಧ್ಯವಿಲ್ಲ, ಯಂತ್ರದಿಂದ ಸಾಧ್ಯ.

ಹೀಗೆ ಬಾಟ್‌ಗಳು ಬಂದವು. ಬಾಟ್ ಎಂದರೆ ಒಡೆಯನ ಪರವಾಗಿ ತಾನಾಗಿಯೇ ಕೆಲಸ ಮಾಡುವ ಗಣಕ ಕಾರ್ಯಕ್ರಮ. ಒಡೆಯನು ತನ್ನ ಖಾತೆಯಿಂದ ಮತ ಹಾಕುವ ಅಧಿಕಾರವನ್ನು ಅದಕ್ಕೆ ವಹಿಸಿ, ‘ಇಂಥ ಲೇಖಕರು ಬರೆದ ಇಷ್ಟು ನಿಮಿಷಗಳ ಮೇಲೆ ಇಷ್ಟು ಬಲದ ಮತ ಹಾಕು’ ಎಂದು ಆಜ್ಞಾಪಿಸಿ ನಿದ್ರಿಸಬಹುದಾಗಿತ್ತು. ಇನ್ನೊಂದು ಬಗೆಯ ಬಾಟ್ ಮತವನ್ನೇ ಮಾರುತ್ತಿತ್ತು. ಲೇಖಕರು ತಮ್ಮ ಲೇಖನಕ್ಕೆ ಹಣ ಕಟ್ಟಿ ಹರಾಜು ಕೂಗುವರು. ಶಕ್ತಿ ತುಂಬಿಕೊಳ್ಳುವ 2 ಗಂಟೆ 24 ನಿಮಿಷಗಳ ಸುತ್ತು ಮುಗಿದೊಡನೆ, ಕಟ್ಟಿದ ಹಣದ ಪ್ರಮಾಣಕ್ಕೆ ತಕ್ಕಂತೆ ಬಾಟ್ ಮತವನ್ನು ಹಂಚುವುದು. ಲೇಖನದಲ್ಲಿ ಏನಿದೆಯೆಂಬ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ.

ಇದರಲ್ಲಿ ತಪ್ಪೇನು ಎಂದು ಕೇಳುವವರ ವಾದವನ್ನು ಅನೇಕಾಂತದೃಷ್ಟಿಯುಳ್ಳವರು ಗೌರವದಿಂದಲೇ ಆಲಿಸಬೇಕು. ಅವರು ಹೇಳುವುದು ಮೂರು ಮಾತು. ಒಂದು, ನಿಯಮವು ಇದನ್ನು ನಿಷೇಧಿಸಿಲ್ಲ. ಎರಡು, ನಾಣ್ಯ ತಮ್ಮದು, ಮತ ತಮ್ಮದು, ಇದರಿಂದ ಯಾರಿಗೂ ಹಾನಿಯಿಲ್ಲ. ಮೂರು, ಬಹುಕಾಲ ಓದಿ ನಂಬಿಕೆ ಬಂದ ಲೇಖಕನಿಗೆ ಮುಂಗಡವಾಗಿ ಬೆಂಬಲ ಸೂಚಿಸುವುದು ವಿಶ್ವಾಸದ ಕುರುಹೇ ಹೊರತು ವಂಚನೆಯಲ್ಲ.

ಮೊದಲನೆಯ ಮಾತಿಗೆ ಉತ್ತರ ಸುಲಭ. ರಾಜನಿಯಮವು ನಿಷೇಧಿಸದಿರುವುದೆಲ್ಲ ಶ್ರಾವಕನಿಗೆ ಗ್ರಾಹ್ಯವಲ್ಲ. ರಾತ್ರಿಭೋಜನವನ್ನು ಯಾವ ಸರ್ಕಾರವೂ ನಿಷೇಧಿಸಿಲ್ಲ.

ಎರಡನೆಯ ಮಾತನ್ನು ಲೆಕ್ಕದ ಪುಸ್ತಕವೇ ಅಲ್ಲಗಳೆಯುತ್ತದೆ. ಸ್ಟೀಮಿಟ್‌ನ ಸಂಭಾವನೆಯು ಮತದಾರನ ಕಿಸೆಯಿಂದ ಬರುವುದಲ್ಲ. ವ್ಯವಸ್ಥೆಯು ಹೊಸದಾಗಿ ಸೃಷ್ಟಿಸುವ ನಾಣ್ಯಗಳ ಒಂದು ಭಾಗ ಸಾಮಾನ್ಯ ನಿಧಿಗೆ ಸೇರಿ, ಅಲ್ಲಿಂದ ಮತಗಳ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ನಿಧಿಯ ಗಾತ್ರ ನಿಯಮಬದ್ಧ. ಒಂದೆಡೆ ಓದದ ಬರಹಕ್ಕೆ ಹೆಚ್ಚು ಹೋದರೆ, ಇನ್ನೊಂದೆಡೆ ಓದಿಸಿಕೊಳ್ಳಬೇಕಾದ ಬರಹಕ್ಕೆ ಅಷ್ಟೇ ಕಡಿಮೆಯಾಗಲೇಬೇಕು. ಶ್ರಮಪಟ್ಟು ಬರೆದು, ಹರಾಜಿಗೆ ಹಣವಿಲ್ಲದೆ ಕುಳಿತ ಹೊಸ ಲೇಖಕನ ಪಾಲು ಕ್ಷೀಣಿಸುತ್ತದೆ. ಅವನ ಹೆಸರು ಯಾರಿಗೂ ತಿಳಿಯದು. ನಷ್ಟ ಮಾತ್ರ ನಿಜ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳನ್ನು ಹೆಚ್ಚುಕಡಿಮೆ ಮಾಡುವುದನ್ನೂ, ಅಸಲಿನಂತೆ ತೋರುವ ನಕಲಿಯನ್ನು ವ್ಯವಹರಿಸುವುದನ್ನೂ ಹೆಸರಿಸಿದೆ. ಮತವೆಂಬುದು ಗುಣವನ್ನು ತೂಗುವ ತಕ್ಕಡಿ. ಹಣ ಪಡೆದು ತಟ್ಟೆಯನ್ನು ಒತ್ತಿದವನಿಗೂ, ಅಂಗಡಿಯಲ್ಲಿ ಕಳ್ಳತೂಕ ಇಟ್ಟುಕೊಂಡವನಿಗೂ ಇರುವ ಭೇದ ಕಣ್ಣಿಗೆ ಮಾತ್ರ, ಧರ್ಮಕ್ಕಲ್ಲ.

ಮೂರನೆಯ ಮಾತು ನಿಜವಾಗಿಯೂ ಕಠಿಣ. ನಮ್ಮ ಬಸದಿಗಳಲ್ಲಿ ಶಾಶ್ವತ ಪೂಜಾನಿಧಿಯ ಪದ್ಧತಿಯಿದೆ. ಕುಟುಂಬವೊಂದು ಒಮ್ಮೆ ಹಣವಿತ್ತರೆ, ಪ್ರತಿವರ್ಷ ಗೊತ್ತಾದ ತಿಥಿಯಂದು ಅವರ ಹೆಸರಿನಲ್ಲಿ ಪೂಜೆ ನಡೆಯುತ್ತದೆ. ದಾನಿಯು ಊರಿನಲ್ಲಿ ಇಲ್ಲದಿರಬಹುದು, ತಿಥಿಯನ್ನೇ ಮರೆತಿರಬಹುದು. ಇದೂ ಒಡೆಯನಿಲ್ಲದೆ ನಡೆಯುವ ಕ್ರಿಯೆಯಲ್ಲವೇ? ಇದು ಪುಣ್ಯವಾದರೆ ಅದು ಪಾಪವೇಕೆ?

ಎರಡಕ್ಕೂ ನಡುವೆ ಎರಡು ಅಂತರಗಳಿವೆ. ಪೂಜಾನಿಧಿಯಲ್ಲಿ ದಾನಿಯು ಕೊಡುವುದು ಸ್ವದ್ರವ್ಯವನ್ನು. ಬಾಟ್‌ನ ಮತ ಹಂಚುವುದು ಸಾಮಾನ್ಯ ನಿಧಿಯನ್ನು. ಇನ್ನೂ ಮುಖ್ಯವಾದುದು, ದಾನವು ತ್ಯಾಗ, ಮತವು ಸಾಕ್ಷ್ಯ. ತನ್ನದನ್ನು ಬಿಡುವವನು ಮುಂಗಡವಾಗಿಯೂ ಬಿಡಬಹುದು. ಆದರೆ ‘ಇದನ್ನು ಕಂಡೆನು, ಇದು ಯೋಗ್ಯವಾಗಿದೆ’ ಎಂಬ ಸಾಕ್ಷ್ಯವನ್ನು ಕಾಣುವ ಮೊದಲೇ ನುಡಿಯಲಾಗದು. ನಿನ್ನೆ ಒಳ್ಳೆಯದನ್ನು ಬರೆದವನು ನಾಳೆಯೂ ಬರೆಯುವನೆಂಬುದು ಊಹೆ. ಊಹೆಯನ್ನು ಸಾಕ್ಷ್ಯವೆಂದು ಒಪ್ಪಿಸುವುದು ಸತ್ಯಾಣುವ್ರತಕ್ಕೆ ಕುಂದು.

ಆದರೂ ಈ ಹೋಲಿಕೆಯು ನಮ್ಮನ್ನೂ ಎಚ್ಚರಿಸದಿರದು. ಭಾವವಿಲ್ಲದ ದ್ರವ್ಯಪೂಜೆ ಅಪೂರ್ಣವೆಂದು ಶಾಸ್ತ್ರ ಸಾರುತ್ತದೆ. ರಸೀದಿ ಪಡೆದ ಮೇಲೆ ಬಸದಿಯ ಮೆಟ್ಟಿಲು ಹತ್ತದ ದಾನಿಗೂ, ಯಾರ ತಿಥಿ ಎಂಬುದನ್ನು ಓದದೆ ಪಟ್ಟಿಗೆ ಗುರುತು ಹಾಕುವ ಆಡಳಿತ ಮಂಡಳಿಗೂ ಈ ಮಾತು ಅನ್ವಯಿಸುತ್ತದೆ. ಬಾಟ್‌ನ ಬಳಕೆದಾರನನ್ನು ದೂಷಿಸುವ ಮುನ್ನ ಸಭೆಯ ನಡಾವಳಿಗೆ ಓದದೆ ಸಹಿ ಹಾಕಿದ ಕೈಗಳು ತಮ್ಮನ್ನೂ ನೋಡಿಕೊಳ್ಳಬೇಕು.

ನೋಡುವುದು ಜೈನಾಚಾರದ ಜೀವಾಳ. ಮುನಿಗಳ ಈರ್ಯಾಸಮಿತಿ ಎಂದರೆ ನೆಲವನ್ನು ನೋಡಿ ನಡೆಯುವುದು. ಆದಾನನಿಕ್ಷೇಪಣ ಸಮಿತಿ ಎಂದರೆ ನೋಡಿ ತೆಗೆದುಕೊಳ್ಳುವುದು, ನೋಡಿ ಇಡುವುದು. ಅಹಿಂಸಾವ್ರತದ ಭಾವನೆಗಳಲ್ಲಿ ಆಲೋಕಿತಪಾನಭೋಜನವೂ ಒಂದು, ಅಂದರೆ ನೋಡಿ ಉಣ್ಣುವುದು, ನೋಡಿ ಕುಡಿಯುವುದು. ಒಂದು ತುತ್ತನ್ನೂ ನೋಡದೆ ಬಾಯಿಗಿಡಬಾರದೆಂದ ಧರ್ಮವು, ನೋಡದೆ ಅನುಮೋದನೆ ನೀಡೆಂದು ಹೇಳೀತೇ? ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವೆಂಬ ಎಚ್ಚರಗೇಡಿತನವನ್ನು ಸೇರಿಸಿರುವುದು ಇದಕ್ಕಾಗಿಯೇ.

ನೋಡದ ಅನುಮೋದನೆಯು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಸ್ಟೀಮ್‌ನ ಚರಿತ್ರೆಯೇ ಸಾಕ್ಷಿ. 2020ರ ಫೆಬ್ರವರಿಯಲ್ಲಿ ಸ್ಟೀಮಿಟ್ ಸಂಸ್ಥೆಯು ಬೇರೊಬ್ಬ ಉದ್ಯಮಿಯ ಕೈಸೇರಿತು. ಜಾಲದ ಆಡಳಿತ ಯಾರದೆಂಬ ವಿವಾದ ಎದ್ದಾಗ, ಆ ವರ್ಷದ ಮಾರ್ಚ್ ಆರಂಭದಲ್ಲಿ ಕೆಲವು ದೊಡ್ಡ ನಾಣ್ಯವಿನಿಮಯ ಕೇಂದ್ರಗಳು, ಗ್ರಾಹಕರು ತಮ್ಮಲ್ಲಿ ಇರಿಸಿದ್ದ ನಾಣ್ಯಗಳ ಬಲದಿಂದ ಒಂದು ಪಕ್ಷಕ್ಕೆ ಮತ ಹಾಕಿದವು. ಮತಬಲಕ್ಕೆಂದು ಹೂಡಿದ ನಾಣ್ಯವನ್ನು ಬಿಡಿಸಿಕೊಳ್ಳಲು 13 ವಾರಗಳು ಬೇಕಾಗಿದ್ದವು. ಆಕ್ಷೇಪ ಬಂದ ಮೇಲೆ ಅವುಗಳಲ್ಲಿ ಕೆಲವು, ಇದು ವಾಡಿಕೆಯ ತಾಂತ್ರಿಕ ಬದಲಾವಣೆಯೆಂದು ಭಾವಿಸಿ ಒಪ್ಪಿದ್ದಾಗಿ ತಿಳಿಸಿ ಮತವನ್ನು ಹಿಂಪಡೆದವು. ನಂಬಿ ಇಟ್ಟ ಠೇವಣಿಯನ್ನು ತನ್ನದೆಂಬಂತೆ ಬಳಸುವುದು ನ್ಯಾಸಾಪಹಾರದ ನೆರಳಿನಲ್ಲೇ ಬರುತ್ತದೆ. ಅದರ ಮೂಲವಾದರೋ ವಿಚಾರಿಸದೆ ಕೊಟ್ಟ ಒಪ್ಪಿಗೆ. ಅದೇ ಮಾರ್ಚ್ 20ರಂದು ಸಮುದಾಯದ ಒಂದು ಭಾಗವು ಬೇರ್ಪಟ್ಟು ಹೈವ್ ಎಂಬ ಹೊಸ ಜಾಲವನ್ನು ಕಟ್ಟಿಕೊಂಡಿತು. 2021ರಲ್ಲಿ ಹೈವ್ ತನ್ನ ನಿಯಮವನ್ನು ತಿದ್ದಿ, ಮೊದಲ 24 ಗಂಟೆಗಳೊಳಗಿನ ಮತಗಳಿಗೆ ಪ್ರತಿಫಲದಲ್ಲಿ ಸಮಾನ ಸ್ಥಾನ ನೀಡಿತು. ನಿಮಿಷಗಳ ಓಟವು ಇಲ್ಲವಾದರೆ ನಿಧಾನವಾಗಿ ಓದುವವನಿಗೂ ನ್ಯಾಯ ದೊರೆಯುತ್ತದೆ.

ಹಾಗಾದರೆ ಯಂತ್ರವೇ ತ್ಯಾಜ್ಯವೇ? ಅಲ್ಲ. ಹೊಸ ಲೇಖನ ಬಂದಿದೆಯೆಂದು ನೆನಪಿಸುವ, ಕದ್ದ ಬರಹವನ್ನು ಹುಡುಕಿ ತೋರಿಸುವ ಬಾಟ್ ಸಹಾಯಕನೇ ಸರಿ. ಅಲ್ಲಿ ನೋಡುವ, ಒಪ್ಪುವ ಕೆಲಸ ಮನುಷ್ಯನಲ್ಲಿಯೇ ಉಳಿಯುತ್ತದೆ. ಮೆಚ್ಚಿದ ಲೇಖಕನಿಗೆ ಯಂತ್ರದಿಂದ ಮತ ಹಾಕಿಸಿ, ಸಂಭಾವನೆ ಇತ್ಯರ್ಥವಾಗುವ ಏಳು ದಿನಗಳೊಳಗೆ ಓದಿ, ಯೋಗ್ಯವಲ್ಲವೆಂದು ಕಂಡಾಗ ಹಿಂಪಡೆಯುವವನದು ಅತಿಚಾರ. ವ್ರತ ಮಲಿನವಾಯಿತು, ಮುರಿಯಲಿಲ್ಲ; ಪ್ರತಿಕ್ರಮಣದಿಂದ ಶುದ್ಧಿಯುಂಟು. ಓದುವ ಸಂಕಲ್ಪವೇ ಇಲ್ಲದೆ ಲಾಭಕ್ಕಾಗಿ ಹಾಕಿಸುವವನದು ಅದಕ್ಕಿಂತ ಭಾರವಾದ ದೋಷ. ಮತವನ್ನು ಮಾರುವುದೂ ಕೊಳ್ಳುವುದೂ ಅನಾಚಾರ. ‘ನಾನು ಮಾಡಲಿಲ್ಲ, ಯಂತ್ರ ಮಾಡಿತು’ ಎಂಬ ನೆಪ ನಿಲ್ಲದು. ಯಂತ್ರಕ್ಕೆ ಕಷಾಯವಿಲ್ಲ, ಬಂಧವಿಲ್ಲ. ಆಜ್ಞೆಯಿತ್ತವನ ಲೋಭವೇ ಅಲ್ಲಿ ಕಾರ್ಯ ಮಾಡಿದ್ದರಿಂದ, ಕಾರಿತದ ದೋಷವೂ ಅನುಮೋದನೆಯ ದೋಷವೂ ಕೂಡಿ ಅವನ ಲೆಕ್ಕಕ್ಕೇ ಬರೆಯಲ್ಪಡುತ್ತವೆ.

ನಮ್ಮ ಮನೆಗಳ ಯುವಕರು ಇಂದು ಇಂತಹ ಜಾಲಗಳಲ್ಲಿ ವ್ಯವಹರಿಸುತ್ತಾರೆ. ಅವರಿಗೆ ಅದನ್ನು ಬಿಟ್ಟುಬಿಡಿ ಎಂದಷ್ಟೇ ಹೇಳುವುದು ಹಿರಿಯರಿಗೆ ಸುಲಭ. ಆದರೆ ಅದರಿಂದ ಪ್ರಯೋಜನವಿಲ್ಲ. ಹೇಳಬೇಕಾದದ್ದು ಇಷ್ಟೇ: ದಿನಕ್ಕೆ ಹತ್ತು ಮತಗಳ ಶಕ್ತಿಯಿದ್ದು, ಮೂರು ಲೇಖನಗಳನ್ನು ಮಾತ್ರ ಓದಲು ಸಾಧ್ಯವಾದರೆ, ಮೂರಕ್ಕೆ ಮತ ಹಾಕಿ ಏಳನ್ನು ಬಿಡಬೇಕು. ಬಿಟ್ಟ ಏಳರ ಲಾಭ ಹೋಯಿತೆಂದು ಲೋಕ ಎಣಿಸೀತು. ಪರಿಗ್ರಹಕ್ಕೆ ಮಿತಿ ಹಾಕಿಕೊಂಡ ಶ್ರಾವಕನ ಖಾತೆಯಲ್ಲಿ ಆ ಏಳು ಜಮೆಯ ಬದಿಗೆ ಸೇರುತ್ತವೆ.