ಉದ್ಯಾನ ವಿಹಾರವೂ ಯತ್ನಾಚಾರವೂ

ಗೃಹಸ್ಥನಾದ ಶ್ರಾವಕನು ಮಕ್ಕಳು ಮರಿಗಳೊಡನೆ ನಗರದ ಉದ್ಯಾನವನಕ್ಕೆ ಹೋಗಿ ಒಂದು ದಿನವನ್ನು ಕಳೆದು ಬರುವುದರಲ್ಲಿ ದೋಷವೇನಾದರೂ ಉಂಟೇ? ಮೇಲ್ನೋಟಕ್ಕೆ ಇದು ಪ್ರಶ್ನೆಯೇ ಅಲ್ಲವೆನ್ನಿಸಬಹುದು. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಸ್ವಾಧ್ಯಾಯ ಮಾಡಿದವರಿಗೆ ಇದು ಅಷ್ಟು ಸುಲಭವಾಗಿ ಬಿಡುವ ಪ್ರಶ್ನೆಯಲ್ಲ. ಅನರ್ಥದಂಡದ ಐದು ಭೇದಗಳಲ್ಲಿ ಒಂದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ಆಚಾರ್ಯರು ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡಮರಗಳನ್ನು ಕೀಳುವುದು ಮುಂತಾದವನ್ನು ಹೇಳಿ, ಅವುಗಳ ಜೊತೆಗೆ ನಿಷ್ಪ್ರಯೋಜನವಾಗಿ ತಾನು ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ಹಾಗಾದರೆ ಬಸದಿಯ ಪಾಠಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಲಾಲ್‌ಬಾಗಿಗೆ ಹೊರಡುವ ಟ್ರಸ್ಟು ಈ ದೋಷಕ್ಕೆ ಪಾತ್ರವಾಗುವುದೇ ಎಂದು ಕೇಳಿಕೊಳ್ಳುವುದು ನ್ಯಾಯವಾಗಿದೆ.

ಮೊದಲು ಒಂದು ಮಾತು. ಜೈನಧರ್ಮವು ಉದ್ಯಾನದ ವೈರಿಯಲ್ಲ. ತೀರ್ಥಂಕರರು ದೀಕ್ಷೆಯನ್ನು ಸ್ವೀಕರಿಸಿದುದು ನಗರದ ಹೊರಗಣ ವನಗಳಲ್ಲಿ. ಆದಿನಾಥ ಸ್ವಾಮಿಗೆ ಕೇವಲಜ್ಞಾನವು ಉದಿಸಿದುದು ಆಲದ ಮರದ ಕೆಳಗೆ, ಮಹಾವೀರ ಸ್ವಾಮಿಗೆ ಶಾಲವೃಕ್ಷದ ಕೆಳಗೆ. ಸಮವಸರಣದ ವರ್ಣನೆಯಲ್ಲಿಯೂ ಅಶೋಕ, ಸಪ್ತಪರ್ಣ, ಚಂಪಕ, ಆಮ್ರಗಳ ಉಪವನಗಳಿವೆ. ಆದುದರಿಂದ ನಿಷೇಧವಿರುವುದು ಉದ್ಯಾನಕ್ಕಲ್ಲ, ಪ್ರಮಾದಕ್ಕೆ. ಜೀವವು ಸಾಯಲಿ ಬದುಕಲಿ, ಅಜಾಗರೂಕನಾಗಿ ನಡೆಯುವವನಿಗೆ ಹಿಂಸೆಯು ನಿಶ್ಚಿತವೆಂದೂ ಯತ್ನಪೂರ್ವಕವಾಗಿ ನಡೆಯುವವನಿಗೆ ಕೇವಲ ಬಾಹ್ಯ ಘಟನೆಯಿಂದ ಬಂಧವಿಲ್ಲವೆಂದೂ ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ತಿಳಿಸಿರುವರು. ಪ್ರವಾಸದ ಸಿದ್ಧತೆಯು ನಮಗೆ ಧರ್ಮದ ವಿಷಯವಾಗುವುದು ಇಲ್ಲಿಯೇ. ಹೊರಡುವ ಮುನ್ನ ವಿಚಾರಿಸದವನು ಹೋದ ಮೇಲೆ ಜಾಗರೂಕನಾಗಿರಲು ಬಯಸಿದರೂ ಆಗುವುದಿಲ್ಲ.

ಮುನಿಗಳ ಈರ್ಯಾಸಮಿತಿಗೆ ಮೂಲಾಚಾರವು ನಾಲ್ಕು ಶುದ್ಧಿಗಳನ್ನು ಹೇಳುತ್ತದೆ: ಮಾರ್ಗ, ಉದ್ಯೋತ, ಉಪಯೋಗ ಮತ್ತು ಆಲಂಬನ. ಅಂದರೆ ದಾರಿ, ಬೆಳಕು, ಎಚ್ಚರ ಮತ್ತು ಉದ್ದೇಶ. ಇವು ಮಹಾವ್ರತಿಗಳಿಗೆ ವಿಧಿಸಿದವು, ನಿಜ. ಆದರೆ ಅಣುವ್ರತಿಯು ತನ್ನ ಶಕ್ತ್ಯನುಸಾರ ಇವನ್ನು ಅನುಸರಿಸಿದರೆ ಉದ್ಯಾನ ವಿಹಾರಕ್ಕೆ ಇದಕ್ಕಿಂತ ಒಳ್ಳೆಯ ಯೋಜನೆ ಬೇರೆ ಬೇಕಾಗದು.

ಮೊದಲನೆಯದಾಗಿ ಉದ್ದೇಶವನ್ನು ನೋಡೋಣ. ಬೆಂಗಳೂರಿನ ಲಾಲ್‌ಬಾಗು 1760ರಲ್ಲಿ ಹೈದರ್ ಅಲಿಯಿಂದ ಆರಂಭವಾಗಿ, 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಗಿ, ಇಂದು ಸುಮಾರು 240 ಎಕರೆಗಳಲ್ಲಿ ಹರಡಿರುವ ವನ. ಅಲ್ಲಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಪಾಠಶಾಲೆಯ ಮಗುವು ಪೃಥ್ವೀಕಾಯ, ವನಸ್ಪತಿಕಾಯ ಎಂಬ ಶಬ್ದಗಳನ್ನು ಬಾಯಿಪಾಠ ಮಾಡಿರುತ್ತದೆ. ಮರವು ಏಕೇಂದ್ರಿಯ, ಇರುವೆಯು ತ್ರೀಂದ್ರಿಯ, ದುಂಬಿಯು ಚತುರಿಂದ್ರಿಯ, ಹಕ್ಕಿಯು ಪಂಚೇಂದ್ರಿಯ ಎಂಬುದನ್ನು ಒಂದೇ ಮರದ ಬುಡದಲ್ಲಿ ನಿಲ್ಲಿಸಿ ತೋರಿಸಿದರೆ ಆ ಪಾಠವು ಜೀವವಿರುವವರೆಗೂ ಮರೆಯದು. ಇಂತಹ ಉದ್ದೇಶದಿಂದ ಹೊರಟರೆ ಅದು ನಿಷ್ಪ್ರಯೋಜನವಾದ ತಿರುಗಾಟವಾಗುವುದಿಲ್ಲ. ವೃದ್ಧರ ಆರೋಗ್ಯ, ಬಂಧುಗಳ ಸೌಹಾರ್ದ ಇವೂ ಸದುದ್ದೇಶಗಳೇ. ಆದರೆ ಜನವರಿ, ಆಗಸ್ಟ್ ತಿಂಗಳುಗಳ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಕೊಯ್ದ ಹೂವುಗಳ ರಾಶಿಯನ್ನು ನೋಡುವುದಕ್ಕಾಗಿಯೇ ಮಕ್ಕಳನ್ನೂ ಮುದುಕರನ್ನೂ ಎಳೆದೊಯ್ಯಬೇಕೇ ಎಂಬುದನ್ನು ಶ್ರಾವಕನು ತನ್ನಲ್ಲಿಯೇ ಕೇಳಿಕೊಳ್ಳಬೇಕು. ಬೇರೊಂದು ಸಾಮಾನ್ಯ ದಿನದಲ್ಲಿ ಗಿಡದ ಮೇಲಿರುವ ಹೂವನ್ನೇ ನೆಮ್ಮದಿಯಾಗಿ ನೋಡಬಹುದು.

ಎರಡನೆಯದು ಬೆಳಕು. ಬೆಳಗಿನ ಹೊತ್ತಿಗೆ ಹೋಗಿ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವಂತೆ ಮನೆಗೆ ಹಿಂದಿರುಗುವುದು ರಾತ್ರಿಭೋಜನ ತ್ಯಾಗಕ್ಕೂ ಒಳಿತು, ಮಕ್ಕಳ ಸುರಕ್ಷತೆಗೂ ಒಳಿತು. ಬೆಳಕಿನಲ್ಲಿ ನಾಲ್ಕು ಮೊಳ ಮುಂದಿನ ನೆಲವು ಕಣ್ಣಿಗೆ ಕಾಣುತ್ತದೆ. ಕತ್ತಲಲ್ಲಿ ಕಾಲಡಿಯ ಹುಳುವೂ ಕಾಣದು, ಹಾವೂ ಕಾಣದು, ಹಳ್ಳವೂ ಕಾಣದು.

ಮೂರನೆಯದು ದಾರಿ. ಜನರು ನಡೆದು ನಡೆದು ಸವೆದ ಮಾರ್ಗದಲ್ಲಿ ಸೂಕ್ಷ್ಮಜೀವಿಗಳು ಕಡಿಮೆ, ಹುಲ್ಲುಹಾಸಿನಲ್ಲಿ ಹೆಚ್ಚು. ಆದುದರಿಂದಲೇ ಅಂತಹ ಮಾರ್ಗವನ್ನು ಬಿಡಬಾರದೆಂದು ವಿಧಿ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಕ್ರಿಮಿಕೀಟಗಳಿಗೆ ಕ್ಷೇಮವಾದ ಆ ಸಮತಟ್ಟಾದ ರಸ್ತೆಯೇ ಗಾಲಿಕುರ್ಚಿಗೂ ಊರುಗೋಲಿಗೂ ತಕ್ಕ ರಸ್ತೆ. ಬಂಡೆಯನ್ನೇರುವ ಕಾರ್ಯಕ್ರಮವನ್ನು ಮುಖ್ಯವಾಗಿಟ್ಟುಕೊಂಡರೆ ಮಂಡಿನೋವಿನ ತಾಯಂದಿರು ಕೆಳಗೆ ಕುಳಿತು ಚೀಲಗಳನ್ನು ಕಾಯುವವರಾಗುತ್ತಾರೆ. ಮರಗಳ ನಡುವಿನ ಸಮತಟ್ಟಾದ ರಸ್ತೆಯನ್ನು ಮುಖ್ಯವಾಗಿಟ್ಟುಕೊಂಡರೆ ಎಲ್ಲರೂ ಕೂಡಿ ನಡೆಯುತ್ತಾರೆ. ಮಳೆ ಬಂದ ಮರುಗಳಿಗೆಯಲ್ಲಿ ಎರೆಹುಳು, ಬಸವನಹುಳುಗಳು ರಸ್ತೆಗೂ ಬರುತ್ತವೆ. ಆಗ ಸ್ವಲ್ಪ ಹೊತ್ತು ನಿಂತು ಹೋಗುವುದು ಲೇಸು. ಬಿರುಗಾಳಿ ಮಳೆಯಲ್ಲಿ ಹಳೆಯ ಮರಗಳ ಅಡಿಯಲ್ಲಿ ನಿಲ್ಲುವುದಂತೂ ಸಲ್ಲದು, ಕೊಂಬೆ ಬೀಳುವ ಭಯವುಂಟು.

ವೈಯಾವೃತ್ಯವನ್ನು ಆಚಾರ್ಯರು ಅಂತರಂಗ ತಪಸ್ಸಿನಲ್ಲಿ ಎಣಿಸಿದ್ದಾರೆ. ಅದು ಮುಖ್ಯವಾಗಿ ತ್ಯಾಗಿಗಳಿಗೆ ಸಲ್ಲುವ ಸೇವೆಯಾದರೂ, ಅಶಕ್ತರ ಕಷ್ಟವನ್ನು ನಿವಾರಿಸುವ ಅದರ ಭಾವವು ಗೃಹಸ್ಥರ ನಡುವೆಯೂ ಇರಬೇಕಾದುದೇ. ನಮ್ಮ ಅನೇಕ ಪ್ರವಾಸಗಳಲ್ಲಿ ನಡೆಯಲಾರದವರನ್ನು "ನಿಮಗೆ ಸುಮ್ಮನೆ ಆಯಾಸ" ಎಂದು ಮನೆಯಲ್ಲಿ ಬಿಡುವುದು ವಾಡಿಕೆ. ಇದು ದಯೆಯ ಮಾತಿನಂತೆ ಕೇಳಿಸುತ್ತದೆ, ಆದರೆ ಹಲವು ವೇಳೆ ನಮ್ಮ ಅನುಕೂಲವೇ ದಯೆಯ ವೇಷವನ್ನು ಧರಿಸಿರುತ್ತದೆ. ವಿಕಲಚೇತನರ ಹಕ್ಕುಗಳ ಬಗ್ಗೆ 2016ರಲ್ಲಿ ಕಾನೂನೇ ಬಂದಿದೆ. ಸರಕಾರವು ಇಳಿಜಾರು ದಾರಿಯನ್ನು ಕಟ್ಟಬೇಕೆಂದು ಬಯಸುವ ನಾವು, ನಮ್ಮ ಬಸ್ಸಿನಲ್ಲಿ ಒಂದು ಗಾಲಿಕುರ್ಚಿಗೆ ಸ್ಥಳವನ್ನಿಡದಿದ್ದರೆ ಆ ಬಯಕೆಗೆ ಅರ್ಥವೇನು? ವಿಶ್ವಸ್ಥರಲ್ಲಿ ಒಬ್ಬರು ಒಂದೆರಡು ದಿನ ಮುಂಚಿತವಾಗಿ ಹೋಗಿ, ಯಾವ ದ್ವಾರದಲ್ಲಿ ಮೆಟ್ಟಿಲಿಲ್ಲ, ಶೌಚಾಲಯವು ಎಷ್ಟು ದೂರ, ಬ್ಯಾಟರಿ ವಾಹನವು ಅಂದು ಓಡುವುದೇ, ಕುಳಿತುಕೊಳ್ಳಲು ನೆರಳೆಲ್ಲಿದೆ, ಸಮೀಪದ ಆಸ್ಪತ್ರೆ ಯಾವುದು ಎಂಬುದನ್ನೆಲ್ಲ ನೋಡಿ ಬರೆದುಕೊಂಡು ಬರಲಿ. ವ್ಯಾಪಾರಿಯು ಸರಕು ತರುವ ಮೊದಲು ಗೋದಾಮನ್ನು ನೋಡುವುದಿಲ್ಲವೇ? ಮನುಷ್ಯರ ವಿಷಯದಲ್ಲಿ ಅಷ್ಟು ಎಚ್ಚರವಾದರೂ ಬೇಡವೇ?

ನಾಲ್ಕನೆಯದು ಉಪಯೋಗ, ಅಂದರೆ ಚಿತ್ತದ ಎಚ್ಚರ. ಇದು ಎಲ್ಲಕ್ಕಿಂತ ಕಠಿಣ. ಚಿತ್ರ ತೆಗೆಯುವ ಭರದಲ್ಲಿ ಮೊಬೈಲನ್ನೇ ನೋಡುತ್ತ ಹಿಂದೆ ಹಿಂದೆ ಸರಿಯುವವನಿಗೆ ಈರ್ಯಾಸಮಿತಿಯೆಲ್ಲಿಯದು? ಎತ್ತರದ ಮರದಲ್ಲಿ ಹೆಜ್ಜೇನು ಕಟ್ಟಿರುವಾಗ ಕಾಯಿಗೆ ಕಲ್ಲೆಸೆಯುವ ಹುಡುಗನು ತನಗೂ ಇತರರಿಗೂ ಆ ಜೀವಿಗಳಿಗೂ ಏಕಕಾಲದಲ್ಲಿ ಆಪತ್ತನ್ನು ತರುತ್ತಾನೆ. ಮಧುತ್ಯಾಗ ಮಾಡಿದ ಕುಲದ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು.

ಇನ್ನು ನಮ್ಮ ಸಮಾಜಕ್ಕೆ ಅತ್ಯಂತ ಪ್ರಿಯವಾದ ಒಂದು ಆಚಾರದ ಬಗ್ಗೆ ಹೇಳಲೇಬೇಕಾಗಿದೆ. ಉದ್ಯಾನಕ್ಕೆ ಹೋದೊಡನೆ ಕೆರೆಯ ಮೀನಿಗೆ ಬ್ರೆಡ್ಡು, ಪಾರಿವಾಳಕ್ಕೆ ಕಾಳು, ಇರುವೆಗೆ ಸಕ್ಕರೆ ಹಾಕುವುದು ಜೀವದಯೆಯೆಂದು ನಾವು ತಿಳಿದಿದ್ದೇವೆ. ಇದರ ಹಿಂದಿರುವ ಕರುಣೆಯು ನಿಜವಾದುದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಫಲವೇನೆಂದು ವಿಚಾರಿಸಬೇಡವೇ? ಮೀನು ತಿನ್ನದೆ ಉಳಿದ ಬ್ರೆಡ್ಡು ನೀರಿನಲ್ಲಿ ಕೊಳೆಯುತ್ತದೆ. ಕೊಳೆಯುವಾಗ ನೀರಿನೊಳಗಿನ ಆಮ್ಲಜನಕವು ಕಡಿಮೆಯಾಗುತ್ತದೆ. ತೀರ ಕಡಿಮೆಯಾದರೆ ಅದೇ ಮೀನುಗಳು ಉಸಿರಾಡಲಾರದೆ ಸಾಯುತ್ತವೆ. ಕಾಳಿಗಾಗಿ ಗುಂಪುಗೂಡಿದ ಪಾರಿವಾಳಗಳ ಹಿಕ್ಕೆಯ ಧೂಳು ಮನುಷ್ಯರ ಶ್ವಾಸಕೋಶಕ್ಕೆ ರೋಗವನ್ನು ತರಬಲ್ಲುದು. ಜನರು ಓಡಾಡುವ ದಾರಿಯಲ್ಲಿ ಚೆಲ್ಲಿದ ಸಕ್ಕರೆಯಂತೂ ಇರುವೆಗಳನ್ನು ಕಾಲುಗಳ ಅಡಿಗೇ ಆಹ್ವಾನಿಸುತ್ತದೆ.

"ನಮ್ಮ ಭಾವವು ಶುದ್ಧವಾಗಿತ್ತಲ್ಲ, ಸಾಲದೇ?" ಎಂದು ಕೆಲವರು ಕೇಳಬಹುದು. ಭಾವವೇ ಪ್ರಧಾನವೆಂಬುದನ್ನು ಮೇಲೆಯೇ ಒಪ್ಪಿದ್ದೇವೆ. ಆದರೆ ತಿಳಿದುಕೊಳ್ಳಬಹುದಾದುದನ್ನು ತಿಳಿದುಕೊಳ್ಳದೆ ಇರುವುದೂ ಪ್ರಮಾದವೇ. ದಯೆಗಿಂತ ಮೊದಲು ಜ್ಞಾನವಿರಬೇಕೆಂಬ ಅಭಿಪ್ರಾಯವು ಶ್ವೇತಾಂಬರ ಆಗಮವಾದ ದಶವೈಕಾಲಿಕದಲ್ಲಿಯೂ ಇದೆ. ಅರಿಯದೆ ಮಾಡಿದಾಗ ಶುದ್ಧವಾಗಿದ್ದ ಭಾವವು, ಅರಿತ ಮೇಲೂ ಪುಣ್ಯದ ಆಸೆಯಿಂದ ಹಾಗೆಯೇ ಮಾಡಿದರೆ ಶುದ್ಧವಾಗಿ ಉಳಿಯದು. ಆ ಹಣವನ್ನು ಗಾಯಗೊಂಡ ಪಶುಪಕ್ಷಿಗಳ ಚಿಕಿತ್ಸೆಗೆ ಕೊಟ್ಟರೆ ಕರುಣೆಗೆ ಕೊರತೆಯಾಗುವುದಿಲ್ಲ. ಉದ್ಯಾನದ ಜೀವಿಗಳಿಗೆ ನಾವು ಕೊಡಬಹುದಾದ ದಾನವು ಅನ್ನದಾನಕ್ಕಿಂತ ಅಭಯದಾನ.

ಉಳಿದ ಸಿದ್ಧತೆಗಳು ಸರಳವಾದವು. ಸೋಸಿದ ನೀರನ್ನು ಸ್ಟೀಲಿನ ಪಾತ್ರೆಗಳಲ್ಲಿ ಒಯ್ಯುವುದು. ಏಕಬಳಕೆಯ ಪ್ಲಾಸ್ಟಿಕ್ಕಿನ ತಟ್ಟೆ ಲೋಟಗಳು 2022ರ ಜುಲೈ 1ರಿಂದ ದೇಶದಲ್ಲಿಯೇ ನಿಷಿದ್ಧ, ಆದುದರಿಂದ ಮನೆಯ ತಟ್ಟೆಗಳನ್ನೇ ತರುವುದು. ತಿಂಡಿಯನ್ನು ಅನುಮತಿಯಿರುವಲ್ಲಿ ಮಾತ್ರ ತಿಂದು, ಎಂಜಲನ್ನೂ ಕಸವನ್ನೂ ಹಿಂದಕ್ಕೆ ತರುವುದು, ಏಕೆಂದರೆ ಎಂಜಲಿನಲ್ಲಿ ಜೀವೋತ್ಪತ್ತಿಯಾಗುವುದೆಂಬುದು ನಮಗೆ ತಿಳಿದ ವಿಷಯವೇ. ಇಬ್ಬಿಬ್ಬರು ಮಕ್ಕಳನ್ನು ಜೊತೆಮಾಡಿ, ಹೊರಡುವಾಗಲೂ ಮರಳುವಾಗಲೂ ಎಣಿಸುವುದು. ವೃದ್ಧರ ಔಷಧಗಳನ್ನು ಒಬ್ಬರ ವಶದಲ್ಲಿಡುವುದು.

ಟ್ರಸ್ಟುಗಳು ಪ್ರವಾಸ ಮುಗಿದ ಮೇಲೆ ಜಮಾ-ಖರ್ಚಿನ ಲೆಕ್ಕವನ್ನು ಸಭೆಯ ಮುಂದಿಡುತ್ತವೆ. ಅದರೊಡನೆ ಇನ್ನೂ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಡುವ ಪದ್ಧತಿಯನ್ನು ಆರಂಭಿಸಬಾರದೇಕೆ? ಬರಲು ಇಚ್ಛೆಯಿದ್ದವರಲ್ಲಿ ಯಾರನ್ನು ನಾವು ಬಿಟ್ಟುಹೋದೆವು, ಏಕೆ? ನಮ್ಮಿಂದ ಆ ಸ್ಥಳಕ್ಕೂ ಅಲ್ಲಿನ ಜೀವಗಳಿಗೂ ಆದ ಬಾಧೆಯೇನು? ಪ್ರತಿಕ್ರಮಣವನ್ನು ನಿತ್ಯವೂ ಪಠಿಸುವ ಸಮಾಜಕ್ಕೆ ಇದು ಹೊಸ ಅಭ್ಯಾಸವಲ್ಲ. ವಿಶ್ವಸ್ಥರೂ ಹಿರಿಯರೂ ಈ ಬಗ್ಗೆ ಆಲೋಚಿಸಬೇಕೆಂದು ವಿನಂತಿ.