ಅಸಲು, ನಕಲು ಮತ್ತು ರಿಪೇರಿ

ಹಳೆಯ ಕಾರುಗಳನ್ನು ಕೊಳ್ಳುವವರಲ್ಲಿ ಕೆಲವರು ಜೇಬಿನಲ್ಲಿ ಸಣ್ಣದೊಂದು ಅಯಸ್ಕಾಂತ ಇಟ್ಟುಕೊಂಡಿರುತ್ತಾರೆ. ಅದಕ್ಕೆ ತೆಳು ಬಟ್ಟೆ ಸುತ್ತಿ ಕಾರಿನ ಮೈಮೇಲೆ ಮೆಲ್ಲಗೆ ಆಡಿಸುತ್ತಾರೆ. ಉಕ್ಕಿನ ತಗಡು ಇದ್ದಲ್ಲಿ ಅದು ಅಂಟಿಕೊಳ್ಳುತ್ತದೆ. ತುಕ್ಕು ತಿಂದ ಜಾಗಕ್ಕೆ ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಜಾರುತ್ತದೆ. ಆಮೇಲೆ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ನಂಬರಿನ ಸುತ್ತ ಲೋಹವನ್ನು ಉಜ್ಜಿದ ಗುರುತಿದೆಯೇ? ಗಾಜಿನ ಮೂಲೆಯಲ್ಲಿರುವ ತಯಾರಕರ ಮುದ್ರೆ ಕಾರಿನ ವಯಸ್ಸಿಗೆ ಹೊಂದುತ್ತದೆಯೇ? ಬಾಗಿಲಿನ ರಬ್ಬರಿನ ಅಡಿಯಲ್ಲಿ ಬೇರೊಂದು ಬಣ್ಣ ಇಣುಕುತ್ತಿದೆಯೇ? ಇಷ್ಟೆಲ್ಲ ಆದ ಮೇಲೆ ತೀರ್ಪು ಬರುತ್ತದೆ: ಇದು ಒರಿಜಿನಲ್, ಅಥವಾ ಇದು ರಿಸ್ಟೋರ್ ಮಾಡಿದ್ದು. ಈ ಎರಡು ಮಾತುಗಳ ನಡುವೆ ಲಕ್ಷಾಂತರ ರೂಪಾಯಿಗಳ ಅಂತರವಿರಬಹುದು.

ಮೇಲ್ನೋಟಕ್ಕೆ ಇದು ಉಳ್ಳವರ ಶೋಕಿ. ಆದರೆ ಇದರೊಳಗಿರುವ ಪ್ರಶ್ನೆ ಉಳ್ಳವರದ್ದು ಮಾತ್ರವಲ್ಲ. ಒಂದು ವಸ್ತು ‘ಅದೇ’ ಆಗಿ ಉಳಿಯಬೇಕಾದರೆ ಅದರಲ್ಲಿ ಏನೇನು ಉಳಿದಿರಬೇಕು? ಗ್ರೀಕರು ಈ ಪ್ರಶ್ನೆಯನ್ನು ಥೀಸಿಯಸ್‌ನ ಹಡಗಿನ ಮೂಲಕ ಕೇಳಿದರು. ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಕೊನೆಗೆ ಅದು ಅದೇ ಹಡಗೇ ಎಂದು ಅವರಲ್ಲಿ ವಾದ ನಡೆಯುತ್ತಿತ್ತೆಂದು ಪ್ಲೂಟಾರ್ಕ್ ಬರೆದಿದ್ದಾನೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇದಕ್ಕೆ ಇನ್ನೊಂದು ತೊಡಕು ಸೇರಿಸಿದ: ಕಿತ್ತೆಸೆದ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಮತ್ತೊಂದು ಹಡಗು ಕಟ್ಟಿದರೆ, ಎರಡರಲ್ಲಿ ಯಾವುದು ನಿಜವಾದದ್ದು?

ಈ ತತ್ವಜ್ಞಾನ ಒಮ್ಮೆ ಕೋರ್ಟಿನ ಮೆಟ್ಟಿಲೇರಿತು. ‘ಓಲ್ಡ್ ನಂಬರ್ ವನ್’ ಎಂಬ ಹೆಸರಿನ ಬೆಂಟ್ಲಿ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು ಗೆದ್ದಿತ್ತು. ಓಟದಿಂದ ಓಟಕ್ಕೆ ಅದರ ಭಾಗಗಳು ಬದಲಾಗುತ್ತ ಹೋದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ನಡೆದ ಅಪಘಾತದಲ್ಲಿ ಅದರ ಚಾಲಕ ಕ್ಲೈವ್ ಡನ್‌ಫಿ ಪ್ರಾಣ ಕಳೆದುಕೊಂಡ. ಕಾರನ್ನು ಮತ್ತೆ ಕಟ್ಟಲಾಯಿತು. ದಶಕಗಳ ನಂತರ ಅದನ್ನು ಸುಮಾರು 1 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದು ನಿಜವಾದ ಓಲ್ಡ್ ನಂಬರ್ ವನ್ ಅಲ್ಲ ಎಂದು ಹಿಂದೆ ಸರಿದರು. 1990ರಲ್ಲಿ ಲಂಡನ್ನಿನ ಹೈಕೋರ್ಟಿನ ನ್ಯಾಯಮೂರ್ತಿ ಆಟನ್ ಪ್ರತಿಯೊಂದು ಭಾಗದ ಚರಿತ್ರೆಯನ್ನೂ ಕೇಳಿದರು. 1929ರ ಕಾರಿನದೆಂದು ಖಚಿತವಾಗಿ ಹೇಳಬಹುದಾದದ್ದು ಹೆಚ್ಚುಕಡಿಮೆ ಏನೂ ಉಳಿದಿರಲಿಲ್ಲ. ಹಾಗಾಗಿ ಕಟ್ಟುನಿಟ್ಟಾದ ಅರ್ಥದಲ್ಲಿ ಇದು ‘ಒರಿಜಿನಲ್’ ಅಲ್ಲ ಎಂದರು. ಆದರೂ ಇದು ಅಧಿಕೃತವಾದ ಓಲ್ಡ್ ನಂಬರ್ ವನ್ ಹೌದು, ಏಕೆಂದರೆ ಇದರ ಬದುಕಿನ ಎಳೆ ಎಲ್ಲಿಯೂ ತುಂಡಾಗಿಲ್ಲ ಎಂದು ತೀರ್ಪಿತ್ತರು. ಗೆದ್ದದ್ದು ಮಾರುವವರು.

ಇಲ್ಲಿ ನನಗೆ ನಮ್ಮ ಕಚೇರಿ, ಕೋರ್ಟುಗಳ ಎರಡು ಪದಗಳು ನೆನಪಾಗುತ್ತವೆ: ಅಸಲು ಮತ್ತು ನಕಲು. ಎರಡೂ ಅರಬಿಯಿಂದ ಪಾರಸಿ, ಉರ್ದುಗಳ ದಾರಿ ಹಿಡಿದು ಕನ್ನಡಕ್ಕೆ ಬಂದು ಇಲ್ಲಿಯವೇ ಆಗಿಬಿಟ್ಟಿವೆ. ‘ಅಸ್ಲ್’ ಎಂದರೆ ಬೇರು, ಬುಡ. ‘ನಕ್ಲ್’ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಹಿರಿಯರ ಮಾತನ್ನು ಕಿರಿಯರಿಗೆ ದಾಟಿಸುವುದಕ್ಕೂ ಅದೇ ಪದ. ಹದೀಸ್ ವಿದ್ವಾಂಸರು ಒಂದು ಮಾತನ್ನು ಒಪ್ಪುವ ಮೊದಲು ಅದು ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯನ್ನು, ಅಂದರೆ ‘ಸನದ್’ ಅನ್ನು ಪರೀಕ್ಷಿಸುತ್ತಿದ್ದರು. ಕೊಂಡಿ ಕಳಚಿದ್ದರೆ ಮಾತಿನ ಬಲ ಕುಗ್ಗುತ್ತಿತ್ತು. ಲಂಡನ್ನಿನ ನ್ಯಾಯಮೂರ್ತಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕಬ್ಬಿಣ ಅದೇ ಹೌದೋ ಅಲ್ಲವೋ ಎನ್ನುವುದಕ್ಕಿಂತ, ಕೊಂಡಿ ಉಳಿದಿದೆಯೇ ಎಂದು. ತಾಲೂಕು ಕಚೇರಿಯಲ್ಲಿ ದೃಢೀಕರಿಸಿದ ನಕಲಿಗೂ ಬೆಲೆ ಬರುವುದು ಹೀಗೆಯೇ. ಅದು ತಾನು ನಕಲು ಎಂದು ಬಾಯಿಬಿಟ್ಟು ಹೇಳುತ್ತದೆ, ಎಲ್ಲಿಂದ ಬಂದೆನೆಂದೂ ಹೇಳುತ್ತದೆ. ಅಸಲಿನಂತೆ ನಟಿಸಿದ ಕ್ಷಣ ಅದು ಅಪರಾಧವಾಗುತ್ತದೆ.

ಭಾರತದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಸ್ವಾತಂತ್ರ್ಯಾನಂತರ ದಶಕಗಳ ಕಾಲ ವಿದೇಶಿ ಬಿಡಿಭಾಗಗಳು ಸುಲಭವಾಗಿ ಸಿಗುತ್ತಿರಲಿಲ್ಲ. ಡಾಡ್ಜ್, ಪ್ಲಿಮತ್, ಷೆವರ್ಲೆಯಂಥ ಭಾರೀ ಅಮೆರಿಕನ್ ಕಾರುಗಳು ಪೆಟ್ರೋಲ್ ಕುಡಿದು ಯಜಮಾನರನ್ನು ಸೋಲಿಸುತ್ತಿದ್ದವು. ಆಗ ನಮ್ಮ ಗ್ಯಾರೇಜುಗಳ ಉಸ್ತಾದರು ಅಂಥ ಎಷ್ಟೋ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಇಲ್ಲದ ಭಾಗವನ್ನು ಲೇತ್ ಮೇಲೆ ಕಡೆದು ಕೊಟ್ಟರು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತಂದದ್ದನ್ನು ತಿದ್ದಿ ಹೊಂದಿಸಿದರು. ಕಾರು ಟ್ಯಾಕ್ಸಿಯಾಗಿ, ಮದುವೆಯ ಗಾಡಿಯಾಗಿ ಓಡಿತು. ಒಂದು ಸಂಸಾರಕ್ಕೆ ಅನ್ನ ಕೊಟ್ಟಿತು.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಡೀಸೆಲ್ ಎಂಜಿನ್ ಹೊತ್ತು ಬದುಕಿದ ಡಾಡ್ಜ್‌ಗೆ ಇದರಲ್ಲಿ ಜಾಗ ಸಿಗುವುದು ಕಷ್ಟ. ಯಾವ ಬದಲಾವಣೆ ಅದನ್ನು ಗುಜರಿಗೆ ಹೋಗದಂತೆ ತಡೆಯಿತೋ ಅದೇ ಬದಲಾವಣೆ ಈಗ ಅದರ ಕಳಂಕ. ಮಹಲಿನ ಶೆಡ್ಡಿನಲ್ಲಿ ಓಡದೆ ನಿಂತಿದ್ದ ಕಾರು ಅಸಲಿ, ದುಡಿದು ಸವೆದ ಕಾರು ಕೆಟ್ಟದ್ದು ಎನ್ನುವುದಾದರೆ, ನಾವು ಗೌರವಿಸುತ್ತಿರುವುದು ಚರಿತ್ರೆಯನ್ನೋ, ಅಥವಾ ದುಡಿಯದೆ ಇರಲು ಸಾಧ್ಯವಾದ ಸಿರಿತನವನ್ನೋ?

ಹಾಗೆಂದು ಅಸಲಿತನಕ್ಕೆ ಬೆಲೆಯೇ ಇಲ್ಲವೆನ್ನಲಾಗದು. ಮೊದಲ ಬಣ್ಣ, ಮೊದಲ ಹೊಲಿಗೆ ಒಂದು ಕಾಲದ ಸಾಕ್ಷಿಗಳು. ಒಮ್ಮೆ ಕೆರೆದು ಹಾಕಿದರೆ ಮತ್ತೆ ಬರುವುದಿಲ್ಲ. ಲೋಕದ ಅಭಿರುಚಿಯೂ ಈಗ ಆ ಕಡೆ ವಾಲಿದೆ. 2024ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಪ್ರದರ್ಶನದಲ್ಲಿ, ಫಳಫಳನೆ ಹೊಳೆಯುವ ಕಾರುಗಳನ್ನು ಬಿಟ್ಟು, ಇದ್ದಂತೆಯೇ ಕಾಪಾಡಿದ 1934ರ ಬುಗಾಟಿ ಟೈಪ್ 59 ಕಾರಿಗೆ ಅತ್ಯುನ್ನತ ಬಹುಮಾನ ಬಂತು. ಕಾಪಾಡಿದ ಕಾರೊಂದಕ್ಕೆ ಅಲ್ಲಿ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು. ಆದರೆ ಅದರ ಮೇಲಿರುವ ಕಪ್ಪು ಬಣ್ಣ ಕಾರ್ಖಾನೆಯದಲ್ಲ. ಬೆಲ್ಜಿಯಂನ ದೊರೆ ಮೂರನೇ ಲಿಯೋಪೋಲ್ಡ್ ಅದನ್ನು ಕೊಂಡ ಮೇಲೆ ಬಳಿಸಿದ್ದು. ದೊರೆ ಬಳಿಸಿದರೆ ಅದು ಚರಿತ್ರೆ, ಟ್ಯಾಕ್ಸಿಯವನು ಬಳಿಸಿದರೆ ಅದು ಕೆಡಿಸಿದ್ದು ಎಂಬ ಅಳತೆ ನ್ಯಾಯವಾದುದಲ್ಲ.

ಮಾರುಕಟ್ಟೆಯ ಚಾಳಿಯೂ ವಿಚಿತ್ರ. ಹೊಳಪಿಗೆ ಬೆಲೆ ಇದ್ದಾಗ ಪುಟ್ಟಿ ಮೆತ್ತಿ ತುಕ್ಕನ್ನು ಮುಚ್ಚಿದರು. ಹಳತನಕ್ಕೆ ಬೆಲೆ ಬಂದಾಗ ಹೊಸ ಬಣ್ಣವನ್ನೇ ಸವೆಸಿ, ತುಕ್ಕು ಹಿಡಿಸಿ ಹಳತನವನ್ನು ತಯಾರಿಸುವವರು ಹುಟ್ಟಿಕೊಂಡರು. ಅಂದರೆ ಅಸಲಿತನ ಎನ್ನುವುದು ತಾನಾಗಿಯೇ ಒಂದು ಸದ್ಗುಣವಲ್ಲ. ಪ್ರಶ್ನೆ ಇರುವುದು ತಗಡಿನಲ್ಲಿ ಅಲ್ಲ, ತಗಡಿನ ಬಗ್ಗೆ ನಾವಾಡುವ ಮಾತಿನಲ್ಲಿ. ಪ್ರವಾದಿಯವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಅಡಿಯಲ್ಲಿ ಒದ್ದೆಯಿತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಯನ್ನು ಅವರು ಮಳೆಗಾಗಿ ದೂರಲಿಲ್ಲ. ಒದ್ದೆ ಕಾಳನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದರು. ಮಳೆ ಯಾರ ತಪ್ಪೂ ಅಲ್ಲ. ತುಕ್ಕೂ ಹಾಗೆಯೇ.

ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಇದೇ ದಾರಿಯಲ್ಲಿದೆ. ರಿಪೇರಿಯನ್ನು ಅದು ನಿಷೇಧಿಸುವುದಿಲ್ಲ. ಮಾಡಿದ್ದನ್ನು ದಾಖಲಿಸಿ, ಹೊಸತನ್ನು ಗುರುತು ಸಿಗುವಂತೆ ಇಡಿ ಎನ್ನುತ್ತದೆ. ಇದರಲ್ಲಿ ಇನ್ನೊಂದು ನ್ಯಾಯವೂ ಅಡಗಿದೆ. ರಿಪೇರಿಯನ್ನು ಮುಚ್ಚಿಟ್ಟಾಗ ಕೊಳ್ಳುವವನಿಗೆ ಮಾತ್ರ ಮೋಸವಾಗುವುದಿಲ್ಲ, ರಿಪೇರಿ ಮಾಡಿದವನೂ ಅಳಿಸಿಹೋಗುತ್ತಾನೆ. ‘ಪೂರ್ತಿ ಒರಿಜಿನಲ್ ಸಾಹೇಬರೇ’ ಎಂಬ ಒಂದು ಮಾತಿನ ಅಡಿಯಲ್ಲಿ ಎಷ್ಟು ಟಿಂಕರ್‌ಗಳ, ಪೇಂಟರ್‌ಗಳ, ಲೇತ್ ಕೆಲಸದವರ ಹೆಸರು ಹೂತುಹೋಗಿದೆಯೋ! ಪ್ರತಿ ಹಳೆಯ ಕಾರಿನೊಂದಿಗೆ ಒಂದು ಪುಸ್ತಕವಿರಲಿ. ಏನು ಬದಲಾಯಿತು, ಯಾವಾಗ, ಯಾರ ಕೈಯಿಂದ ಎಂದು ಅದರಲ್ಲಿ ಬರೆದಿರಲಿ. ಆಗ ಕೊಳ್ಳುವವನು ಅಯಸ್ಕಾಂತ ಹಿಡಿದು ಅನುಮಾನಿಸಬೇಕಾಗಿಲ್ಲ, ಪುಟ ತಿರುಗಿಸಿ ಓದಿದರೆ ಸಾಕು.